ಅಳಿಯನಿಗೊಂದು ಕಿಲ್ಟು

ಮಾತು ಕೊಡುವುದರಲ್ಲಿ ಗುರುದತ್ತರನ್ನು ಮೀರಿಸುವವರು ಆ ಕಾಲದ ಸಿಡ್ನಿಯ ಕನ್ನಡಿಗರಲ್ಲಿ ಒಬ್ಬರೂ ಇರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಆಮೇಲೆ ಪಡುತ್ತಿದ್ದ ಪಾಡು ಮಾತ್ರ ಅವರ ಹೆಂಡತಿ ವಸಂತಾಗೇ ಗೊತ್ತು. ಯಾರದೋ ಗೃಹಪ್ರವೇಶಕ್ಕೆ "ಬಿಸಿಬೇಳೆಬಾತ್ ಪೂರ್ತಿ ನಮ್ಮನೆಯಿಂದ" ಎಂದು ಇವರು ಎದೆ ತಟ್ಟಿಕೊಂಡು ಹೇಳಿ ಬರುವುದು, ಆಕೆ ನಸುಕಿನಲ್ಲೆದ್ದು ಹುಣಸೆಹಣ್ಣು ಕಿವುಚುವುದು, ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಆ ಮನೆಯಲ್ಲಿ ಇದು ಮಾಮೂಲು. ಹಾಗಾಗಿ ೧೯೯೩ರ ಮಾರ್ಚ್‌ನಲ್ಲಿ, ಮೆಲ್ಬರ್ನಿನ ಬೀಗರ ಮನೆಯಲ್ಲಿ ಮಗಳು ಇಂಚರಾಳ ನಿಶ್ಚಿತಾರ್ಥ ಮುಗಿದು, ಎಲ್ಲರೂ ಚಿರೋಟಿಗೆ ಹಾಲು ಹಾಕಿಕೊಳ್ಳುತ್ತಿದ್ದಾಗ, ಗಂಡ ಗಂಟಲು ಸರಿಮಾಡಿಕೊಂಡದ್ದನ್ನು ಕೇಳಿಯೇ ವಸಂತಾ ಇನ್ನೇನು ಕಾದಿದೆಯೋ ಎಂದು ಅವರ ಕಡೆ ತಿರುಗಿದರು.

"ಬೀಗರೇ, ನಮ್ಮ ಮನೆತನದಲ್ಲಿ ಒಂದು ಪದ್ಧತಿ," ಎಂದರು ಗುರುದತ್ತರು. "ಧಾರೆಗೆ ಉಡೋ ಪಂಚೆಯಿಂದ ಹಿಡಿದು ಆರತಕ್ಷತೆಗೆ ಹಾಕ್ಕೊಳ್ಳೋ ಸೂಟಿನವರೆಗೆ, ಗಂಡಿನ ಮೈಮೇಲೆ ಒಂದು ಎಳೆ ದಾರ ಇದ್ರೂ ಅದು ಹೆಣ್ಣಿನ ಮನೇದೇ ಆಗಿರ್ಬೇಕು. ನಮ್ಮ ತಾತ ಕೊಟ್ರು, ನಮ್ಮಪ್ಪ ಕೊಟ್ರು, ನಾನೂ ಕೊಡ್ತೀನಿ. ಏನಪ್ಪಾ ವಿಶ್ರುತ್, ಸಂಕೋಚ ಪಡಬೇಡ. ಎಂಥಾ ಸೂಟು ಬೇಕು, ಬಾಯ್ಬಿಟ್ಟು ಕೇಳು."

ಸೋಫಾದಲ್ಲಿ ಮೈಸೂರು ಪೇಟ ಸುತ್ತಿಸಿಕೊಂಡು ಕೂತಿದ್ದ ಹುಡುಗ ಒಮ್ಮೆ ಇಂಚರಾಳ ಮುಖ ನೋಡಿದ. ಆಮೇಲೆ ಮಾವನ ಮುಖ ನೋಡಿದ. ತನ್ನ ಅಪ್ಪನ ಮುಖವನ್ನು ಮಾತ್ರ ನೋಡಲಿಲ್ಲ.

"ಅಂಕಲ್, ಸೂಟ್ ಬೇಡ. ಕಿಲ್ಟ್ ಓಕೇನಾ?"

ಚಮಚಗಳ ಸದ್ದು ನಿಂತಿತು. ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಹಿಂದೆ ನೆರಿಗೆ ಮುಂದೆ ಸಪಾಟಾಗಿರುವ, ಮಂಡಿಯವರೆಗಿನ ಚೌಕುಳಿ ಉಡುಗೆಯ ಮಾತು ಅದು. ವಿಶ್ರುತ್ ಸ್ಕೂಲಿನಲ್ಲಿದ್ದಾಗ ಅಲ್ಲಿನ ಪೈಪ್ ಬ್ಯಾಂಡಿಗೆ ಸೇರಿ ಬ್ಯಾಗ್‌ಪೈಪ್ ಎಂಬ ಚೀಲದ ವಾದ್ಯ ನುಡಿಸಲು ಕಲಿತವನು. ಈಗ ಇಂಜಿನಿಯರ್ ಆಗಿದ್ದರೂ ಅವರ ಸಬರ್ಬಿನ ಬ್ಯಾಂಡಿಗೆ ಅವನೇ ಮುಂದಾಳು. ಅವನ ಮದುವೆಗೆ ಆ ಬ್ಯಾಂಡಿನವರು ಸಿಡ್ನಿಗೆ ಬಂದು ಬಾರಿಸುವುದೂ ಆಗಲೇ ನಿಶ್ಚಯವಾಗಿತ್ತು.

ಹುಡುಗನ ಅಪ್ಪ ಚಂದ್ರಮೋಹನ್ ಮೆಲ್ಬರ್ನಿನಲ್ಲಿ ಹೆಸರಾಂತ ಸರ್ಜನ್. ಮಿತಭಾಷಿ. ಆದರೆ ಆಡಿದ ಮಾತು ಕತ್ತರಿಸಿದ ಹಾಗೆ. ಅವರು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು. "ಲಂಗ ಹಾಕ್ಕೊಂಡು ಸ್ಟೇಜ್ ಮೇಲೆ ನಿಂತ್ರೆ ಪಕ್ಕದಲ್ಲಿ ನಾನು ನಿಲ್ಲೋದಿಲ್ಲ ಅಂತ ನಿಂಗೆ ನೂರು ಸಲ ಹೇಳಿದೀನಿ, ವಿಶ್ರುತ್."

"ಇಟ್ಸ್ ನಾಟ್ ಎ..." ಎಂದು ಶುರುಮಾಡಿದ ಹುಡುಗ ಅಲ್ಲಿಗೇ ಬಾಯಿ ಮುಚ್ಚಿದ. ಇಂದು ಎಂಬ ಹೆಸರಿನ ಅವನ ತಾಯಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಶುಭದ ದಿನ ಹೆತ್ತ ತಾಯಿ ಕಣ್ಣೀರು ಹಾಕುವುದೆಂದರೇನು!

ಬೇರೆ ಯಾರಾದರೂ ಆಗಿದ್ದರೆ "ಆಮೇಲೆ ಮಾತಾಡೋಣ ಬಿಡಿ" ಎಂದು ಚಿರೋಟಿಗೆ ಕೈಹಾಕುತ್ತಿದ್ದರು. ಗುರುದತ್ತರಿಗೆ ಅದು ಆಗದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳು ಎಂದವರು ತಾವೇ. ಮೇಲಾಗಿ ಆ ಹುಡುಗನ ಮುಖ ಬಾಡಿದ್ದು ನೋಡಿ ಅವರಿಗೆ ಕರುಳು ಚುರುಕ್ಕೆಂದಿತ್ತು.

"ಕೊಡ್ತೀನಿ," ಎಂದರು. "ಬರೀ ಕಿಲ್ಟ್ ಅಲ್ಲ. ಅದರ ಕೋಟು, ಬೂಟು, ಸಮಸ್ತ ಸರಂಜಾಮು. ಬೀಗರೇ, ಆವತ್ತು ಮಗನನ್ನ ಕಣ್ತುಂಬಾ ನೋಡಿ. ನೋಡಿದ ಮೇಲೂ ಪಕ್ಕದಲ್ಲಿ ನಿಲ್ಲೋಕೆ ಮನಸ್ಸಾಗ್ಲಿಲ್ಲ ಅಂದ್ರೆ ನಿಲ್ಲಬೇಡಿ. ನಾನು ಒಂದು ಮಾತೂ ಆಡಲ್ಲ."

"ನೋಡೋಣ," ಎಂದರು ಚಂದ್ರಮೋಹನ್. ಆ ನೋಡೋಣದಲ್ಲಿ ನೋಡುವ ಆಸೆ ಇದ್ದಂತಿರಲಿಲ್ಲ.

ಮೆಲ್ಬರ್ನಿನಿಂದ ಸಿಡ್ನಿಗೆ ಕಾರಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ವಸಂತಾ ಗಂಡನಿಗೆ ಮಂಗಳಾರತಿ ಎತ್ತಿದರು. "ಕಿಲ್ಟ್ ಅಂದ್ರೆ ಹಿಂದು ಯಾವುದು ಮುಂದು ಯಾವುದು ಅಂತಾದ್ರೂ ಗೊತ್ತೇನ್ರೀ ನಿಮಗೆ?"

"ಗೊತ್ತಿಲ್ಲ. ತಿಳ್ಕೊಂಡ್ರಾಯ್ತು. ಈ ದೇಶಕ್ಕೆ ಬಂದಾಗ ವಾಷಿಂಗ್ ಮೆಷಿನ್ನೂ ಗೊತ್ತಿರ್ಲಿಲ್ಲ."

ಹಿಂದಿನ ಸೀಟಿನಲ್ಲಿದ್ದ ಇಂಚರಾ ಬಗ್ಗಿ ಅಪ್ಪನ ಭುಜದ ಮೇಲೆ ಗಲ್ಲ ಊರಿದಳು. "ಥ್ಯಾಂಕ್ಸ್, ಅಪ್ಪ," ಎಂದಳು. ಅಷ್ಟು ಸಾಕಾಯಿತು. ಗುರುದತ್ತರು ಅರ್ಧದಾರಿಯ ಗುಂಡಗೈ ಊರಿನವರೆಗೂ ಸೀಟಿ ಹಾಕುತ್ತಾ ಕಾರು ಓಡಿಸಿದರು.

ಕಿಲ್ಟ್ ಹೊಲಿಯುವವಳು ಮಿಸೆಸ್ ಗಿಲ್‌ಕ್ರಿಸ್ಟ್ ಎಂಬ ಮುದುಕಿ. ಕ್ಯಾಂಪ್‌ಬೆಲ್‌ಟೌನ್ ಕಡೆ ತನ್ನ ಮನೆಯ ಗರಾಜನ್ನೇ ಅಂಗಡಿ ಮಾಡಿಕೊಂಡಿದ್ದಳು. ಗರಾಜಿನ ತುಂಬ ಉಣ್ಣೆ ಬಟ್ಟೆಯ ಥಾನುಗಳು, ಒಂದೊಂದರಲ್ಲೂ ಬೇರೆ ಬೇರೆ ಚೌಕುಳಿ. ಅಪ್ಪ, ಅಮ್ಮ, ಮಗಳು ಮೂವರೂ ಸಾಲಾಗಿ ಒಳಗೆ ಬಂದು ನಿಂತದ್ದನ್ನು ನೋಡಿ ಆಕೆ ದಾರಿ ತಪ್ಪಿ ಬಂದಿರಬೇಕೆಂದುಕೊಂಡಳು. ವಿಷಯ ಕೇಳಿದ ಮೇಲೆ ಕನ್ನಡಕ ಏರಿಸಿಕೊಂಡು ಮೊದಲ ಪ್ರಶ್ನೆ ಹಾಕಿದಳು: ಹುಡುಗ ಯಾವ ಕ್ಲಾನಿನವನು?

"ಗೋತ್ರ ಕೇಳ್ತಿದಾರೆ ಅಪ್ಪ, ಆಲ್ಮೋಸ್ಟ್," ಎಂದಳು ಇಂಚರಾ.

"ಭಾರದ್ವಾಜ," ಎಂದರು ಗುರುದತ್ತರು ಗತ್ತಿನಿಂದ. ಮುದುಕಿ ಅದನ್ನು ತನ್ನ ಥಾನುಗಳ ನಡುವೆ ನಿಜವಾಗಿಯೂ ಹುಡುಕಿದಳು. ಪಾಪ, ಎಲ್ಲಿ ಸಿಗಬೇಕು? ಕೊನೆಗೆ, ಯಾವ ವಂಶಕ್ಕೂ ಸೇರದೆ ಯಾರು ಬೇಕಾದರೂ ಉಡಬಹುದಾದ ಚೌಕುಳಿಗಳೂ ಇವೆಯೆಂದು ಒಂದಷ್ಟು ಇಳಿಸಿ ಹರಡಿದಳು. ಮದುವೆಗೆ ಕಪ್ಪು ಕೂಡದೆಂದು ವಸಂತಾ ಅರ್ಧಕ್ಕರ್ಧ ಬದಿಗೆ ಸರಿಸಿದರು. ಉಳಿದವುಗಳಲ್ಲಿ ಕುಂಕುಮಗೆಂಪು, ಎಲೆಹಸಿರು, ನಡುವೆ ಸಣ್ಣಗೆ ಅರಿಶಿನದ ಗೆರೆ ಇದ್ದ ಒಂದನ್ನು ಅವರ ಕೈ ತಾನಾಗಿ ಹಿಡಿದುಕೊಂಡಿತು.

"ಎಷ್ಟು ಗಜ ಬೇಕು?"

ಎಂಟು ಗಜ ಎಂದಳು ಮುದುಕಿ.

"ಎಂಟಾ! ನಮ್ಮಜ್ಜಿ ಒಂಬತ್ತು ಗಜ ಉಡ್ತಿದ್ರು ಕಣಮ್ಮಾ," ಎಂದು ವಸಂತಾ ಕನ್ನಡದಲ್ಲೇ ಅಂದುಬಿಟ್ಟರು. ಅಲ್ಲಿಂದಾಚೆಗೆ ಆ ಇಬ್ಬರು ಹೆಂಗಸರಿಗೆ ಗುರುದತ್ತರ ಹಂಗೇ ಇಲ್ಲವಾಯಿತು. ಮುದುಕಿ ಹೊಲಿದಿಟ್ಟಿದ್ದ ಇನ್ನೊಂದು ಕಿಲ್ಟನ್ನು ತಿರುಗಿಸಿ ನೆರಿಗೆ ತೋರಿಸಿದಳು. ಎಷ್ಟು ಮಡಿಕೆ ಮಡಿಸಿದರೂ ಗೆರೆಗೆ ಗೆರೆ ಕೂಡಿ, ಬಟ್ಟೆ ಮಡಿಸಿಯೇ ಇಲ್ಲವೆನ್ನುವ ಹಾಗೆ ಚೌಕುಳಿ ಪೂರ್ತಿ ಕಾಣುತ್ತಿತ್ತು. ವಸಂತಾ ಎಂದರೆ ಸಾಮಾನ್ಯರಲ್ಲ, ಸಿಡ್ನಿಯ ಅರ್ಧ ಕನ್ನಡದ ಮದುಮಕ್ಕಳಿಗೆ ಸೀರೆ ಉಡಿಸಿದವರು. ಅವರು ಆ ನೆರಿಗೆಯ ಮೇಲೆ ಬೆರಳಾಡಿಸಿ, "ರೀ, ನೆರಿಗೆ ಅಂದ್ರೆ ಇದು ಕಣ್ರೀ," ಎಂದರು. ಆ ಕ್ಷಣದಿಂದ ಅವರ ಗೊಣಗಾಟ ನಿಂತಿತು.

ಅದೇ ಬಟ್ಟೆಯಲ್ಲಿ ಮದುಮಗಳ ಭುಜಕ್ಕೊಂದು ಪಟ್ಟಿಯನ್ನೂ ಮಾಡಿಕೊಡುತ್ತೇನೆಂದಳು ಮುದುಕಿ. "ಧಾರೆ ಆಗೋವರೆಗೂ ಅವಳು ನಮ್ಮ ಗೋತ್ರ, ಆಮೇಲೆ ಹಾಕ್ಕೋಬೇಕು," ಎಂದು ವಸಂತಾ ಮಗಳ ಬಾಯಿಂದ ಹೇಳಿಸಿದರು. ಮುದುಕಿ ತಲೆಯಾಡಿಸಿ, ನಮ್ಮಲ್ಲೂ ಅಷ್ಟೇ, ಮದುವೆಯಾದ ಮೇಲೆಯೇ ಅತ್ತೆ ಸೊಸೆಗೆ ಅದನ್ನು ಪಿನ್ ಹಾಕಿ ತೊಡಿಸುವುದು ಎಂದಳು. ವಸಂತಾ ಮೂಗಿನ ಮೇಲೆ ಬೆರಳಿಟ್ಟರು.

ತೊಡಕು ಬಂದದ್ದು ಅಳತೆಯ ಹತ್ತಿರ. ಹುಡುಗನನ್ನು ಕರೆದುಕೊಂಡು ಬನ್ನಿ ಎಂದಳು ಮುದುಕಿ. ಕಿಲ್ಟ್ ಮಂಡಿಚಿಪ್ಪಿನ ನಡುವಿಗೆ ನಿಲ್ಲಬೇಕು; ಮೇಲಾದರೆ ಹುಡುಗಾಟ, ಕೆಳಗಾದರೆ ಲಂಗ. ಉಡುವವನು ಮಂಡಿಯೂರಿ ನೆಟ್ಟಗೆ ಕೂರಬೇಕು, ಬಟ್ಟೆಯ ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗಿರಬೇಕು, ಅದೇ ಲೆಕ್ಕ.

"ಸಾಧ್ಯವೇ ಇಲ್ಲ," ಎಂದರು ಗುರುದತ್ತರು. "ಕೊಡೋ ಬಟ್ಟೆ ಮಡಿಕೆ ಬಿಚ್ಚದೆ ತಟ್ಟೇಲಿಟ್ಟು ಕೊಡ್ಬೇಕು. ಒಂದ್ಸಲ ಉಟ್ಟು ನೋಡಿದ್ದನ್ನ ಉಡುಗೊರೆ ಅಂತಾರಾ?"

"ಅಳತೆ ಆದ್ರೂ ಹುಡುಗನ್ನೇ ಕೇಳೋಣ," ಎಂದರು ವಸಂತಾ.

"ಕೋಳಿ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ? ಅವರಮ್ಮನ್ನ ಕೇಳು."

ಹಾಗೆ ಮೆಲ್ಬರ್ನಿಗೆ ಫೋನು ಹೋಯಿತು. ಬ್ಯಾಂಡಿನ ಕಿಲ್ಟು ಬ್ಯಾಂಡಿನವರ ಬೀರುವಿನಲ್ಲೇ ಇರುತ್ತದೆ, ಮನೆಯಲ್ಲಿಲ್ಲ ಎಂದರು ಇಂದು. ಸೊಂಟದ ಸುತ್ತಳತೆ ಹೇಳಿದರು, ಬೂಟಿನ ಸೈಜು ಹೇಳಿದರು, ಅಳತೆಗೆಂದು ಮಗನದೊಂದು ಕೋಟನ್ನು ಪಾರ್ಸೆಲ್ ಮಾಡುತ್ತೇನೆಂದರು. "ಎತ್ತರ?" ಎಂದು ಕೇಳಿದಾಗ ಮೊದಲು ಬೂಟಿನ ಸೈಜನ್ನೇ ಇನ್ನೊಮ್ಮೆ ಹೇಳಿದರು. ಆಮೇಲೆ, ಮದುವೆಯ ಮಾತುಕತೆ ಶುರುವಾದ ದಿನ ಹೇಳಿದ್ದನ್ನೇ ಹೇಳಿದರು. "ಐದಡಿ ಹನ್ನೊಂದು."

ಐದಡಿ ಹನ್ನೊಂದಕ್ಕೆ ಹುಡುಕಿಕೊಂಡು ಹೋಗುವಂತಿರಲಿಲ್ಲ. ಗುರುದತ್ತರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಯೋಗೀಶ, ಓದಲು ಬಂದ ಹುಡುಗ, ಕರೆಕ್ಟಾಗಿ ಅಷ್ಟೇ ಎತ್ತರ. ಅದರಲ್ಲಿ ಮುಕ್ಕಾಲು ಪಾಲು ಕಾಲೇ. ಅವನನ್ನು ಎಳೆದುಕೊಂಡು ಹೋಗಿ ಗರಾಜಿನಲ್ಲಿ ಮಂಡಿಯೂರಿಸಿದರು. "ಅಂಕಲ್, ಮದುವೆ ಅವನದು, ಶಿಕ್ಷೆ ನನಗ್ಯಾಕೆ?" ಎಂದು ಅವನು ಗೋಳಾಡುತ್ತಿರುವಾಗಲೇ ಮುದುಕಿ ಸೊಂಟದಿಂದ ನೆಲದವರೆಗೆ ಟೇಪು ಹಿಡಿದಳು. ಮೆಲ್ಬರ್ನಿನಿಂದ ಬಂದ ಕೋಟನ್ನು ತಮಾಷೆಗೆಂದು ಯೋಗೀಶ ತೊಟ್ಟರೆ ಅರ್ಧ ಮುಂಗೈ ಹೊರಗುಳಿಯಿತು.

"ಇದೇನ್ರೀ, ತೋಳು ಇಷ್ಟು ಗಿಡ್ಡ?" ಎಂದರು ವಸಂತಾ. "ನಿಶ್ಚಿತಾರ್ಥದಲ್ಲೂ ನನಗ್ಯಾಕೋ ಪೇಟ ತೆಗೆದಾಗ ಹುಡುಗ..."

"ಯೋಗೀಶನ ಕೈ ಉದ್ದ ಅಷ್ಟೇ. ಬೀಗಿತ್ತಿ ಮಾತಿನ ಮೇಲೆ ಅನುಮಾನ ಪಡ್ತೀಯಾ?"

ಅಲ್ಲಿಗೆ ಆ ಮಾತು ಮುಗಿಯಿತು. ಕೋಟನ್ನು ಕೋಟಿನ ಅಳತೆಗೆ, ಕಿಲ್ಟನ್ನು ಯೋಗೀಶನ ಕಾಲಿನ ಅಳತೆಗೆ ಹಾಕಿ ಹೊಲಿಗೆ ನಡೆಯಿತು.

ಮುಂದಿನ ತಿಂಗಳುಗಳಲ್ಲಿ ಗುರುದತ್ತರಿಗೆ ಕಿಲ್ಟಿನ ಹುಚ್ಚು ಹಿಡಿಯಿತೆಂದರೆ ಸುಳ್ಳಲ್ಲ. ಮೊದಲು ಇದ್ದದ್ದು ಬರೀ ಹಟ, ಕೊಟ್ಟ ಮಾತಿನ ಹಟ. ಬರಬರುತ್ತ ಅದು ಹೆಮ್ಮೆಯಾಯಿತು. ಕಪ್ಪು ಬೇಡವೆಂದು ಕೋಟಿಗೆ ಬಾಟಲ್ ಹಸಿರು ಬಣ್ಣ, ಅದಕ್ಕೆ ಬೆಳ್ಳಿಯಂಥ ಗುಂಡಿಗಳು, ಒಳಗೆ ಅದೇ ಬಣ್ಣದ ವೇಸ್ಟ್‌ಕೋಟು. ಮಂಡಿಯವರೆಗೆ ಎಳೆಯುವ ಕೆನೆಬಣ್ಣದ ಉಣ್ಣೆ ಕಾಲುಚೀಲ, ಅದರ ಮೇಲಂಚಿನಿಂದ ಇಣುಕುವ ಕೆಂಪು ಪಟ್ಟಿ. ಕಣಕಾಲಿನ ತನಕ ಸುತ್ತಿ ಕಟ್ಟುವ ಉದ್ದ ಲಾಡಿಯ ಬೂಟು. ಕಿಲ್ಟಿನ ಮುಂಭಾಗಕ್ಕೆ ಕತ್ತಿಯಾಕಾರದ ಒಂದು ಪಿನ್ನು, ಅದನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು, ಎರಡೂ ಪದರಕ್ಕೆ ಚುಚ್ಚಿದರೆ ಬಟ್ಟೆ ಜಗ್ಗುತ್ತದೆ. ಇದನ್ನೆಲ್ಲ ಗುರುದತ್ತರು ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ತಮ್ಮ ಅಳಿಯನಿಗೆ ಇಟಲಿಯ ಸೂಟು ಕೊಡಿಸಿದ್ದೆನೆಂದು ವರ್ಷದಿಂದ ಮೀಸೆ ತಿರುವುತ್ತಿದ್ದ ಸತ್ಯನಾರಾಯಣರ ಎದುರಿಗೇ, "ಸೂಟು ಬಿಡಿ, ದುಡ್ಡು ಬಿಸಾಕಿದ್ರೆ ಯಾರು ಬೇಕಾದ್ರೂ ಕೊಡ್ತಾರೆ," ಎಂದು ಸೊರ್ರೆಂದು ಪಾಯಸ ಸುರಿದರು.

ವಸಂತಾ ಅಡ್ಡ ಬಂದದ್ದು ಎರಡೇ ವಿಷಯಕ್ಕೆ. ಒಂದು, ಕಾಲುಚೀಲದಲ್ಲಿ ಸಿಕ್ಕಿಸಿಕೊಳ್ಳುವ ಪುಟ್ಟ ಚೂರಿ. "ಅಳಿಯನಿಗೆ ಯಾರಾದ್ರೂ ಚಾಕು ಕೊಡ್ತಾರಾ? ಸಂಬಂಧ ಕಡಿದುಹೋಗುತ್ತೆ." ಮುದುಕಿ ನಕ್ಕು, ಅದಕ್ಕೇ ನಮ್ಮಲ್ಲಿ ಚೂರಿ ಪಡೆದವನು ಕೊಟ್ಟವನ ಕೈಗೆ ಒಂದು ನಾಣ್ಯ ಹಾಕಬೇಕು, ಆಗ ದೋಷವಿಲ್ಲ ಎಂದಳು. ಸರಿ, ಒಪ್ಪಿದರು. ಇನ್ನೊಂದು, ಸೊಂಟದ ಮುಂದೆ ಸರಪಳಿಯಲ್ಲಿ ತೂಗಾಡುವ ಚರ್ಮದ ಸಂಚಿ. ಖಾಲಿ ಸಂಚಿ ಕೊಡಬಾರದೆಂದು ಅದರೊಳಗೆ ಅಡಿಕೆ, ಅರಿಶಿನದ ಕೊಂಬು, ಒಂದು ಹಿಡಿ ಕಲ್ಲುಸಕ್ಕರೆ ತುಂಬಿದರು.

ಎಲ್ಲವೂ ಮನೆ ಸೇರಿದ ದಿನ ಗುರುದತ್ತರು ಅದನ್ನು ಮಂಚದ ಮೇಲೆ ಕ್ರಮವಾಗಿ ಹರಡಿದರು. ಮೇಲೆ ಕೋಟು, ನಡುವೆ ಕಿಲ್ಟು, ಅದರ ಮೇಲೆ ಸಂಚಿ, ಕೆಳಗೆ ಕಾಲುಚೀಲ, ಬೂಟು. ಒಳಗೆ ಮನುಷ್ಯನೊಬ್ಬ ಬಂದು ಮಲಗುವುದಷ್ಟೇ ಬಾಕಿ. "ನೋಡ್ಲಿ ಆ ಡಾಕ್ಟ್ರು," ಎಂದರು ಗುರುದತ್ತರು. "ನೋಡಿ ಹೇಗೆ ದೂರ ನಿಲ್ತಾರೋ ನಾನೂ ನೋಡ್ತೀನಿ."

ಸೆಪ್ಟೆಂಬರಿನ ಒಂದು ಶನಿವಾರ ಲಿವರ್‌ಪೂಲಿನ ಸಮುದಾಯ ಭವನದಲ್ಲಿ ಮದುವೆ. ಬೆಳಿಗ್ಗೆ ಬೆಳ್ಳಿ ತಟ್ಟೆಯಲ್ಲಿ, ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ರೇಷ್ಮೆ ಪಂಚೆಯ ಜೊತೆ ಕಿಲ್ಟಿನ ಪೊಟ್ಟಣವೂ ಅಳಿಯನ ಕೈ ಸೇರಿತು. ಧಾರೆ ಸಾಂಗವಾಗಿ ನಡೆಯಿತು. ಚಂದ್ರಮೋಹನ್ ಪಂಚೆಯುಟ್ಟು ಎಲ್ಲ ಶಾಸ್ತ್ರಗಳಿಗೂ ಕೂತರು, ನಕ್ಕರು, ಬಡಿಸಿದ್ದನ್ನು ಉಂಡರು. ಊಟವಾದ ಮೇಲೆ ಮಾತ್ರ ಹೆಂಡತಿಗೆ, "ಸಂಜೆ ನಾನು ಹಿಂದಿನ ಸಾಲಿನಲ್ಲಿ ಕೂತಿರ್ತೀನಿ, ನನ್ನ ಕರೀಬೇಡ," ಎಂದದ್ದು ಗುರುದತ್ತರ ಕಿವಿಗೂ ಬಿತ್ತು. ಇರಲಿ, ಇರಲಿ ಎಂದುಕೊಂಡು ಅವರು ಅಳಿಯನನ್ನು ಡ್ರೆಸ್ಸಿಂಗ್ ರೂಮಿಗೆ ಕರೆದುಕೊಂಡು ಹೋದರು.

ವಿಶ್ರುತ್ ಪರದೆಯ ಹಿಂದಿನಿಂದ ಹೊರಬಂದ. ಕೋಟು ಎರಕ ಹೊಯ್ದ ಹಾಗೆ ಕೂತಿತ್ತು. ಕಿಲ್ಟು ಮಂಡಿ ದಾಟಿ, ಮೀನಖಂಡದವರೆಗೆ ಇಳಿದಿತ್ತು.

ಸಾಕ್ಷಾತ್ ಲಂಗ! ಇನ್ನೇನೂ ಅಲ್ಲ, ಲಂಗ. ಗುರುದತ್ತರ ಆರು ತಿಂಗಳ ಓಡಾಟ, ಆಡಿದ ಮಾತು, ಜಂಬ, ಎಲ್ಲ ಆ ಎರಡು ಮೂರು ಇಂಚಿನಲ್ಲಿ ಮಣ್ಣುಪಾಲಾಗಿತ್ತು. ಇದನ್ನು ಉಟ್ಟುಕೊಂಡು ಹುಡುಗ ಸ್ಟೇಜ್ ಹತ್ತಿದರೆ ಅವನಪ್ಪ ಆಡಿದ್ದೇ ನಿಜವಾಗುತ್ತದೆ.

"ಇಟ್ಸ್ ಫೈನ್, ಅಂಕಲ್," ಎಂದ ವಿಶ್ರುತ್. ಪಾಪ, ಆ ಹುಡುಗನ ದೊಡ್ಡ ಗುಣ. "ಮೇಲಕ್ಕೆ ಎಳ್ಕೋತೀನಿ." ಎಳೆದುಕೊಂಡರೆ ಅದು ಎದೆಗೆ ಬಂದು ವೇಸ್ಟ್‌ಕೋಟು ಉಬ್ಬಿ ನಿಂತಿತು.

"ಗಣೇಶನ್ನ ಮಾಡು ಅಂದ್ರೆ ಅವರಪ್ಪನ್ನ ಮಾಡಿದ್ರಂತೆ," ಎಂದರು ವಸಂತಾ ತಲೆ ಚಚ್ಚಿಕೊಂಡು. "ಬಡಕೊಂಡೆ ನಾನು!"

"ನನ್ನ ಕೇಳ್ಬೋದಿತ್ತಲ್ಲಪ್ಪ, ಐ ಕುಡ್ ಹ್ಯಾವ್ ಟೋಲ್ಡ್ ಯು," ಎಂದಳು ಇಂಚರಾ.

ಆ ಗದ್ದಲ ಕೇಳಿ ಬಾಗಿಲಲ್ಲಿ ಚಂದ್ರಮೋಹನ್ ಬಂದು ನಿಂತರು, ಅವರ ಹಿಂದೆ ಇಂದು. ಚಂದ್ರಮೋಹನ್ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಹುಡುಗ ಕಿವಿಯವರೆಗೆ ಕೆಂಪಾಗಿ ಗೋಡೆಯ ಕಡೆ ತಿರುಗಿಕೊಂಡ. ಈಗ ಬೀಳುತ್ತದೆ ಮಾತು ಎಂದು ಗುರುದತ್ತರು ಹಲ್ಲು ಕಚ್ಚಿ ನಿಂತರು.

"ಅಳತೆ ಯಾರು ಕೊಟ್ಟಿದ್ದು?" ಎಂದರು ಚಂದ್ರಮೋಹನ್.

ಗುರುದತ್ತರು ಪರದೆಯ ನೆರಿಗೆ ಸರಿಮಾಡತೊಡಗಿದರು. ಬೀಗಿತ್ತಿಯನ್ನು ಎಲ್ಲರೆದುರು ಹಿಡಿದುಕೊಡುವುದು ಅವರಿಂದಾಗದು. ಕೊನೆಗೆ ಇಂದುವೇ ಹೇಳಿದರು. "ನಾನೇ. ಐದಡಿ ಹನ್ನೊಂದು ಅಂದಿದ್ದೆ."

"ಇವನು ಐದಡಿ ಏಳೂವರೆ!"

"ಮದುವೆ ಮಾತು ಅಂದ್ಮೇಲೆ ಎರಡು ಮೂರು ಇಂಚು ಎಲ್ರೂ ಸೇರಿಸ್ತಾರೆ ಕಣ್ರೀ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ. ಒಂದ್ಸಲ ಹನ್ನೊಂದು ಅಂದಮೇಲೆ ಫೋನಲ್ಲಿ ಏಳೂವರೆ ಅನ್ನಕ್ಕೆ ನಾಲಿಗೆ ಬರ್ಲಿಲ್ಲ." ಇಂದು ಮಗನ ಕಡೆ ತಿರುಗಿದರು. "ನನ್ನಿಂದ ನನ್ನ ಮಗ ಇವತ್ತು..."

ಅಷ್ಟರಲ್ಲಿ ವಸಂತಾ ಭವನದ ಆಫೀಸಿನ ಫೋನಿನಿಂದ ಮಿಸೆಸ್ ಗಿಲ್‌ಕ್ರಿಸ್ಟಳನ್ನು ಹಿಡಿದಿದ್ದರು. ವಾಪಸು ಬಂದು ವರದಿ ಒಪ್ಪಿಸಿದರು: ಕಿಲ್ಟನ್ನು ಕೆಳಗಿನಿಂದ ಮಡಚುವುದು ಮಹಾಪಾಪವಂತೆ, ಮೇಲಿಂದಲೇ ಬಿಚ್ಚಿ ಕಟ್ಟಬೇಕಂತೆ, ಅದಕ್ಕೆ ವಾರ ಬೇಕಂತೆ. ಇವತ್ತಿನ ಮಟ್ಟಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಹಸಿರು ಗೆರೆ ಹಿಡಿದು ಒಳಕ್ಕೆ ಮಡಚಿ, ಹೊರಗೆ ಒಂದು ಹೊಲಿಗೆಯೂ ಕಾಣದ ಹಾಗೆ ಕೈಯಲ್ಲಿ ಹೊಲಿಯಬೇಕು. ಎಂಟು ಗಜದ ಅಂಚು!

"ಸೀರೆ ಫಾಲ್ಸ್ ಹೊಲಿಯೋ ಸೂಜಿ ದಾರ ಇದೆ. ಆದ್ರೆ ಉಣ್ಣೆ ಮೇಲೆ ಹೊಲಿಗೆ ಕಾಣದ ಹಾಗೆ, ಅದೂ ಸಂಜೆಯೊಳಗೆ..." ವಸಂತಾ ಕೈ ಚೆಲ್ಲಿದರು. ಜೀವನದಲ್ಲಿ ಮೊದಲ ಸಲ ಆಕೆ ಬಟ್ಟೆಯ ಎದುರು ಸೋತದ್ದನ್ನು ಗುರುದತ್ತರು ನೋಡಿದರು.

ಚಂದ್ರಮೋಹನರ ಕಣ್ಣು ಗೋಡೆಗೆ ತಿರುಗಿ ನಿಂತಿದ್ದ ಮಗನ ಬೆನ್ನ ಮೇಲಿತ್ತು. ಆಮೇಲೆ ಜುಬ್ಬದ ತೋಳು ಮಡಚಿದರು. "ಚರ್ಮದ ಮೇಲೆ ಹೊಲಿಗೆ ಕಾಣದ ಹಾಗೆ ಹೊಲೀತೀನಿ ನಾನು. ಇದು ಬರೀ ಬಟ್ಟೆ. ಬಿಚ್ಚಿ ಕೊಡು, ವಿಶ್ರುತ್. ವಸಂತಾ ಅವರೇ, ನೀವು ಗೆರೆ ಹಿಡಿದು ಪಿನ್ ಹಾಕ್ತಾ ಹೋಗಿ. ಗುರುದತ್ತರೇ, ದೀಪದ ಹತ್ತಿರ ಬನ್ನಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ."

ಗುರುದತ್ತರು ಅಲ್ಲಾಡಲಿಲ್ಲ. ಮದುವೆಮನೆಯ ಯಜಮಾನ, ನೂರು ಕೆಲಸ ಬಾಕಿಯಿದ್ದವರು, ಆ ಮಧ್ಯಾಹ್ನ ಆಪರೇಷನ್ ಥಿಯೇಟರಿನ ನರ್ಸಾದರು. "ದಾರ," ಎಂದರೆ ದಾರ ಕೊಟ್ಟರು, "ಕತ್ತರಿ," ಎಂದರೆ ಕತ್ತರಿ. ಹುಡುಗರನ್ನೆಲ್ಲ ಹೊರಗೆ ಕಳಿಸಿದ್ದಾಗಿತ್ತು. ವಸಂತಾ ಮತ್ತು ಇಂದು ಇಸ್ತ್ರಿಪೆಟ್ಟಿಗೆ ಹುಡುಕಲು ಹೋಗಿದ್ದರು. ಸೂಜಿ ಮಾತ್ರ ಒಂದೇ ಸಮನೆ ಓಡುತ್ತಿತ್ತು, ಆ ಬೆರಳುಗಳನ್ನು ನೋಡುವುದೇ ಒಂದು ಭಾಗ್ಯ.

ಎಷ್ಟೋ ಹೊತ್ತಿನ ಮೇಲೆ ಚಂದ್ರಮೋಹನ್ ತಲೆಯೆತ್ತದೆ ಹೇಳಿದರು. "ಸ್ಕೂಲಿನ ಪೆರೇಡು. ಇವನಿಗೆ ಹದಿಮೂರು. ಮೊದಲ ಸಲ ಬ್ಯಾಂಡಲ್ಲಿ ನಡೀತಿದ್ದ. ನನ್ನ ಹಿಂದಿನ ಸಾಲಲ್ಲಿ ಯಾರೋ ಇಬ್ರು, ಆ ಕರಿ ಹುಡುಗನ ಕಾಲು ನೋಡು ಸ್ಕರ್ಟಲ್ಲಿ ಅಂತ ನಕ್ಕರು. ನಾನು ತಿರುಗಿ ಎರಡು ಬಿಡಬೇಕಿತ್ತು. ಬಿಡಲಿಲ್ಲ. ಎದ್ದು ಹೋಗಿ ಕಾರಲ್ಲಿ ಕೂತೆ. ಆಮೇಲೆ ಇವನು ಓಡಿಬಂದು, ಅಪ್ಪ ನೋಡಿದ್ಯಾ ಅಂದ. ನೋಡ್ದೆ ಅಂದೆ." ಸೂಜಿ ಒಂದು ಕ್ಷಣ ನಿಂತಿತು. "ಈ ಬಟ್ಟೆ ಮೇಲೆ ನಂಗೆ ಕೋಪ ಇಲ್ಲ, ಗುರುದತ್ತರೇ. ಇದನ್ನ ನೋಡಿದ್ರೆ ನನ್ನ ಮುಖ ನಂಗೇ ತೋರಿಸಕ್ಕಾಗಲ್ಲ. ನಾಚಿಕೆ ಆಗತ್ತೆ."

ಯಾವ ಮಾತಿಗೂ ಮಾತು ಕೊಡುತ್ತಿದ್ದ ಗುರುದತ್ತರು ಆಗ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಆರತಕ್ಷತೆಗೆ ಜನ ಸೇರುವ ಹೊತ್ತಿಗೆ ಕೊನೆಯ ಗಂಟು ಬಿತ್ತು. ವಸಂತಾ ಒದ್ದೆಬಟ್ಟೆ ಹಾಸಿ ನೆರಿಗೆಗೆ ನೆರಿಗೆ ಕೂಡಿಸಿ ಇಸ್ತ್ರಿ ಮಾಡಿದರು, ಹೊರಗಿನಿಂದ ಬೆಳಕಿಗೆ ಹಿಡಿದು ಹುಡುಕಿದರೂ ಒಂದು ಹೊಲಿಗೆ ಕಾಣಲಿಲ್ಲ. ವಿಶ್ರುತ್ ಮತ್ತೆ ಉಟ್ಟು ಬಂದ. ಕಾಲುಚೀಲ, ಕೆಂಪು ಪಟ್ಟಿ, ಬೂಟಿನ ಲಾಡಿ, ಸಂಚಿ, ಚೂರಿ, ಪಿನ್ನು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತವು.

"ಮಂಡಿಯೂರಬೇಕು," ಎಂದು ನೆನಪಿಸಿದರು ಗುರುದತ್ತರು. "ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗಿರ್ಬೇಕು. ಅದೇ ಅಳತೆ."

ವಿಶ್ರುತ್ ಅಪ್ಪನ ಎದುರಿಗೇ ಮಂಡಿಯೂರಿ ನೆಟ್ಟಗೆ ಕೂತ. ಚಂದ್ರಮೋಹನ್ ಬಗ್ಗಿ ಅಂಚನ್ನು ನೋಡಿದರು, ಬೆರಳು ತೂರಿಸಿ ಸುತ್ತಲೂ ಪರೀಕ್ಷಿಸಿದರು. ಸರಿಯಾಗಿತ್ತು. ನೆಟ್ಟಗಾದವರು ಅಲ್ಲೇ ನಿಂತರು. ಮಗನ ತಲೆ ಅವರ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.

"ಆವತ್ತು ಪೆರೇಡಲ್ಲಿ ನಾನು ನಿನ್ನ ನೋಡಿರ್ಲಿಲ್ಲ ಕಣೋ," ಎಂದರು.

"ಗೊತ್ತಪ್ಪ," ಎಂದ ವಿಶ್ರುತ್. ಅಪ್ಪನೊಡನೆ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗ ಕನ್ನಡದಲ್ಲೇ ಹೇಳಿದ. "ಕುರ್ಚಿ ಖಾಲಿ ಇತ್ತು. ಕಾಣಿಸ್ತು ನಂಗೆ."

ಚಂದ್ರಮೋಹನ್ ಎರಡೂ ಕೈಗಳನ್ನು ಮಗನ ತಲೆಯ ಮೇಲಿಟ್ಟರು. ಬೆಳಗ್ಗೆ ಪುರೋಹಿತರು ಹೇಳಿಸಿದಾಗಲೂ ಆಶೀರ್ವಾದ ಮಾಡಿದ್ದರು; ಆದರೆ ಆ ಕೈಗಳು ಆಗ ಇಷ್ಟು ಹೊತ್ತು ಅಲ್ಲಿ ನಿಂತಿರಲಿಲ್ಲ. ಇಂದು ಅಳುತ್ತಿದ್ದರು. ವಸಂತಾ ಅಳುತ್ತಿದ್ದರು. ಗುರುದತ್ತರೂ ಅಳುತ್ತಿದ್ದರು, ಯಾಕೆ ಮುಚ್ಚಿಡಬೇಕು?

ಹೊರಗೆ ಬ್ಯಾಂಡು ಮೊಳಗಿತು. ಬಾಗಿಲು ತೆರೆದಾಗ ಕುಂಕುಮಗೆಂಪು, ಎಲೆಹಸಿರು, ಅರಿಶಿನದ ಗೆರೆ, ನಡೆದರೆ ಅಲೆಯಾಡುವ ನೆರಿಗೆ. ಅಷ್ಟು ಜನ ಒಟ್ಟಿಗೆ ಎದ್ದು ನಿಂತರು. ವಿಶ್ರುತನ ಒಂದು ಪಕ್ಕಕ್ಕೆ ಇಂಚರಾ, ಇನ್ನೊಂದು ಪಕ್ಕಕ್ಕೆ ಚಂದ್ರಮೋಹನ್. ಹಿಂದಿನ ಸಾಲನ್ನು ದಾಟಿ, ಮಧ್ಯದ ಸಾಲನ್ನು ದಾಟಿ, ಎದೆಯುಬ್ಬಿಸಿಕೊಂಡು ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕುತ್ತ ಅವರು ಸ್ಟೇಜ್ ಹತ್ತಿದರು. ಇಂದು ಸೊಸೆಯ ಭುಜಕ್ಕೆ ಅದೇ ಚೌಕುಳಿಯ ಪಟ್ಟಿ ತೊಡಿಸಿ ಪಿನ್ ಹಾಕಿದರು. ಚೂರಿಯ ನಾಣ್ಯವನ್ನು ಅಳಿಯ ಅಲ್ಲೇ ಮಾವನ ಕೈಗೆ ಹಾಕಿದ.

ಸ್ಟೇಜಿನ ಮೇಲೆ ಹಾರೈಸಲು ಬಂದವರಲ್ಲಿ ಸತ್ಯನಾರಾಯಣರು ಮೊದಲಿಗರು. ಕಿಲ್ಟನ್ನು ಸುತ್ತಲೂ ನೋಡಿ, ಗುರುದತ್ತರ ಕಿವಿಯ ಹತ್ತಿರ ಬಾಗಿ, "ಭೇಷ್ ಕಣ್ರೀ. ಎಲ್ಲಾ ನಿಮ್ಮದೇನಾ?" ಎಂದರು.

ಆರು ತಿಂಗಳಿಂದ ಈ ಒಂದು ಪ್ರಶ್ನೆಗೆ ಕಾದಿದ್ದರು ಗುರುದತ್ತರು. ಗಂಡಿನ ಮೈಮೇಲಿನ ಒಂದೊಂದು ಎಳೆ ದಾರವೂ ಹೆಣ್ಣಿನ ಮನೆಯದು ಎಂದು ಗಂಟಲೆತ್ತಿ ಹೇಳಬೇಕೆಂದು ಬಾಯಿ ತೆರೆದರು. ತಾತ ಕೊಟ್ಟರು, ಅಪ್ಪ ಕೊಟ್ಟರು. ಪಕ್ಕದಲ್ಲಿ ಚಂದ್ರಮೋಹನ್ ಮಗನ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು.

"ಬಟ್ಟೆ ನಮ್ಮದು," ಎಂದರು ಗುರುದತ್ತರು, ನಾಲ್ಕು ಸಾಲಿಗೆ ಕೇಳುವ ಹಾಗೆ. "ಹೊಲಿಗೆ ಹುಡುಗನ ಅಪ್ಪನದು."

ಸತ್ಯನಾರಾಯಣರಿಗೆ ನಂಬಿಕೆ ಬರಲಿಲ್ಲ. ಅದನ್ನು ಬಿಟ್ಟು ಇನ್ನೊಂದು ಕೇಳಿದರು. "ಹುಡುಗ ಏನು ಕಾಣ್ತಾನ್ರೀ! ಆರಡಿ ಇರ್ಬೋದಲ್ಲ?"

ಇಂದು ನೆಲ ನೋಡಿದರು. ವಸಂತಾ ಛಾವಣಿ ನೋಡಿದರು. ಚಂದ್ರಮೋಹನ್ ಮಗನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಜನ್ಮದಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಮಾತಾಡದ ಮನುಷ್ಯ, ಬ್ಯಾಂಡಿನ ಸದ್ದನ್ನೂ ಮೀರಿಸಿ ಹೇಳಿದರು.

"ಐದಡಿ ಏಳೂವರೆ. ನನ್ನ ಮಗ ಐದಡಿ ಏಳೂವರೆ!"